ತಾರೀಕು ತಪ್ಪಿದ ಕಂಪ್ಯೂಟರಿಗೆ ಕೊಟ್ಟ ರಿಯಾಯಿತಿ

ಕಳೆದ ತಿಂಗಳ ಒಂದು ಮಂಗಳವಾರ ಸವದತ್ತಿಯ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಗಾಜಿನ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು ನೋಡಿದವರೇ ಕೂಗಿದರು. "ಏ, ನಿಲ್ಲಸ್ರಿ! ಆ ಬ್ಯಾಗ್ ಹಚ್ಚಬ್ಯಾಡ್ರಿ!"

ಬಾಗಿಲಲ್ಲಿ ನಾನಿದ್ದೆ. ಅಲ್ಲೇ ಇರುವ ನಮ್ಮ ಲ್ಯಾಬಿನ ಸೆಂಟರಿನ ಪ್ರಿಂಟರ್ ರಿಪೇರಿಗೆ ಹೋದವನು. ಇಣುಕಿದೆ. ಗಾಜಿನ ಮೇಲಿನ ರಕ್ತ ಹಾಲೊಡೆದಂತೆ ಕಾಳುಕಾಳಾಗಿತ್ತು.

ಒಳಗೆ ಮಲಗಿದ್ದವರು ಉಗರಗೋಳದ ಗಂಗವ್ವ. ಗರ್ಭಚೀಲದ ಆಪರೇಷನ್. ತರಿಸಿಟ್ಟಿದ್ದ ರಕ್ತ ಬಿ ಪಾಸಿಟಿವ್. ನಮ್ಮ ಲ್ಯಾಬಿನ ರಿಪೋರ್ಟಿನಲ್ಲೂ ಬಿ ಪಾಸಿಟಿವ್. ಗಂಗವ್ವನ ಮೈಯಲ್ಲಿದ್ದದ್ದು ಮಾತ್ರ ಓ. ಏರಿಸುವ ಮುನ್ನ ಬ್ಯಾಗಿನ ರಕ್ತವನ್ನೂ ರೋಗಿಯ ರಕ್ತವನ್ನೂ ಗಾಜಿನ ಮೇಲೆ ಬೆರೆಸಿ ಹೊಂದುತ್ತವೆಯೇ ಎಂದು ನೋಡಲೇಬೇಕೆಂಬ ನಿಯಮವನ್ನು ಆ ಡಾಕ್ಟರು ಗಡಿಬಿಡಿಯಲ್ಲೂ ಬಿಟ್ಟಿರಲಿಲ್ಲ.

ಬಿಟ್ಟಿದ್ದರೆ? (ಊಟಕ್ಕೆ ಕುಳಿತರೂ ಇದೇ ಪ್ರಶ್ನೆ. ಬಸ್ಸಿನಲ್ಲಿ ಕುಳಿತರೂ ಇದೇ.)

ಹೊರಗೆ ಕಾಯುತ್ತಿದ್ದ ಗಂಡ ಬಸಪ್ಪನವರು ಓಡಿಬಂದರು. "ಸಾಹೇಬ್ರ, ಕಾಗದದಾಗ ಬಿ ಅಂತ ಐತೆಲ್ರಿ?"

"ಕಾಗದದಾಗ ಐತಿ. ಮೈಯಾಗ ಇಲ್ಲ," ಎಂದರು ಡಾಕ್ಟರು.

ಬಸಪ್ಪನವರು ನನ್ನ ಕಡೆ ತಿರುಗಿದರು. "ನೀವ ಅಲ್ರಿ ಕಂಪ್ಯೂಟರಿನವ್ರು? ನಿಮ್ಮ ಮಶೀನ್ ಸುಳ್ಳ ಹೇಳತೈತೇನ್ರಿ?"

ಬಿ.ಎಸ್ಸಿ. ಓದಿದ ನಾನು ಆ ಕಾಗದದ ಮೇಲಿನ ಬಾಟಲಿ ನಂಬರ್ ಬರೆದುಕೊಂಡೆ.

ನಮ್ಮ ವ್ಯವಸ್ಥೆ ಸರಳ. ಲ್ಯಾಬ್ ಇರುವುದು ಬೈಲಹೊಂಗಲದಲ್ಲಿ. ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ರಕ್ತ ತೆಗೆಯುವ ಸೆಂಟರುಗಳು. ಬೆಳಗಿನ ಬಸ್ಸಿಗೆ ಬಾಟಲಿಗಳು ಬರುತ್ತವೆ. ಸೆಂಟರಿನ ಕಂಪ್ಯೂಟರು ಬಾಟಲಿಯ ನಂಬರ್ ಕೇಳಿದರೆ ನಮ್ಮ ಕಂಪ್ಯೂಟರು ಫೋನ್ ಲೈನಿನ ಮೇಲೆ ರಿಪೋರ್ಟ್ ಕಳಿಸುತ್ತದೆ. ದಾರಿಯಲ್ಲಿ ಯಾರೂ ಇಣುಕಬಾರದು, ತಿದ್ದಬಾರದು. ಅದಕ್ಕಾಗಿ ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿ ಇದೆ (ಪುಸ್ತಕದ್ದಲ್ಲ, ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡು). ಮಾತು ಶುರುವಾಗುವ ಮೊದಲು ಅದು ಎದುರಿನ ಕಂಪ್ಯೂಟರಿನ ಗುರುತಿನ ಚೀಟಿ ಕೇಳಬೇಕು. ಅದಕ್ಕೆ ಸರ್ಟಿಫಿಕೇಟ್ ಎನ್ನುತ್ತೇವೆ; ಅದರಲ್ಲಿ ಹೆಸರೂ ಚಲಾವಣೆಯ ತಾರೀಕೂ ಇರುತ್ತವೆ.

ಗಂಗವ್ವನ ರಿಪೋರ್ಟ್ ತರಿಸಿದ ದಿನ ಫೋನ್ ಎತ್ತಿದ್ದು ಲ್ಯಾಬಿನ ಕಂಪ್ಯೂಟರೇ ಅಲ್ಲ! ಹೊಸ ಆಪರೇಟರಿಗೆ ಕಲಿಸಲೆಂದು ವೈರನ್ನು ಡೆಮೊ ಕಂಪ್ಯೂಟರಿಗೆ ಚುಚ್ಚಿ ಹಾಗೇ ಬಿಟ್ಟಿದ್ದರು. ಅದರ ತುಂಬ ತೋರಿಕೆಯ ಸುಳ್ಳು ರಿಪೋರ್ಟುಗಳು. ಸವದತ್ತಿ ಗಂಗವ್ವನ ಬಾಟಲಿಯ ನಂಬರ್ ಕೇಳಿತು. ಡೆಮೊ ತನ್ನಲ್ಲಿದ್ದ ಅದೇ ನಂಬರಿನ ಸುಳ್ಳು ರಿಪೋರ್ಟನ್ನು ಖುಷಿಯಿಂದ ಕೊಟ್ಟಿತು. ಚೀಟಿಯಲ್ಲಿ ಬೇರೆ ಹೆಸರಿದ್ದರೂ "ನೀನು ಯಾರು?" ಎಂದು ಲೈಬ್ರರಿ ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ಅದನ್ನು ಬರೆದ ನಮ್ಮ ಹಿರಿಯ ಈರಣ್ಣನನ್ನೇ ಹಿಡಿದೆ.

"ಕರೆಂಟ್ ಹೋಗಿ ಬಂದ್ರ ಸೆಂಟರಿನ ಕಂಪ್ಯೂಟರ್ ತಾರೀಕು ಹದಿನೈದ್-ಇಪ್ಪತ್ತ್ ವರ್ಷ ಹಿಂದ ಹೋಗತಿತ್ತೋ ಮಾರಾಯಾ. ಒಳಗಿನ ಬ್ಯಾಟರಿ ಸತ್ತಿರತಿತ್ತು. ಹಂಗಾದ್ರ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಲೈನ್ ಕಟ್. ದಿನಾ ಬೈಗಳ ತಿಂದ್ ತಿಂದ್ ಸಾಕಾಗಿ ಸದ್ಯಕ್ಕ ಅಂತ ಆ ಚೆಕಿಂಗ್ ಬಿಡಿಸಿದೆ."

"ಬ್ಯಾಟರಿ ಹಾಕ್ಸಬೇಕಿತ್ತಲ್ಲ ಅಣ್ಣಾ?"

"ಬ್ಯಾಟರಿ ಹಾಕ್ಸಾಕ ರಾಮದುರ್ಗಕ್ಕ ಹೋಗಬೇಕು. ಕೋಡ್ ತಿದ್ದಾಕ ಕುರ್ಚಿ ಬಿಟ್ಟ ಏಳಬೇಕಾಗಿಲ್ಲ."

ಕೋಡ್ ತೆರೆದೆ. ಒಂದೊಂದು ಸೆಂಟರಿಗೂ ಒಂದೊಂದು ನಕಲು. ಕಿತ್ತೂರಿನದರಲ್ಲಿ ತಾರೀಕು ತಪ್ಪಿದರಷ್ಟೇ ರಿಯಾಯಿತಿ. ಸವದತ್ತಿಯದರಲ್ಲಿ ಹೆಸರು ತಪ್ಪಿದರೂ ರಿಯಾಯಿತಿ. ರಾಮದುರ್ಗದ್ದು ಚೀಟಿಯನ್ನೇ ಕೇಳುವುದಿಲ್ಲ. ಒಳಗೆ ಏನೇ ಎಡವಟ್ಟಾದರೂ ಹೊರಗೆ "ಎಲ್ಲ ಸರಿ" ಎಂದು ಹೇಳುವ ಸಾಲುಗಳು ಬೇರೆ.

ನಾವೂ ಹೀಗೇ ಅಲ್ಲವೇ? ಹಿಂದೆ ಲೈಟಿಲ್ಲದ ಟ್ರ್ಯಾಕ್ಟರನ್ನು ಇವತ್ತೊಂದು ದಿನ ಎಂದು ರಸ್ತೆಗಿಳಿಸುತ್ತೇವೆ. ಏನೂ ಆಗುವುದಿಲ್ಲ. ಏನೂ ಆಗದಿರುವುದೇ ನಮಗೆ ಲೈಸೆನ್ಸ್.

"ಅಣ್ಣಾ, ಇದನ್ನ ಬಿಚ್ಚಿ ಹೊಸದಾಗಿ ಕಟ್ಟೋಣು."

"ಚಾಲೂ ಇದ್ದದ್ದಕ್ಕ ಯಾಕ ಕೈ ಹಚ್ಚತಿ?"

"ಬಸಪ್ಪನವರ ಮುಂದ ನೀ ನಿಂತಿದ್ದಿಲ್ಲ, ನಾ ನಿಂತಿದ್ದೆ."

ಈರಣ್ಣ ಕೈಯಲ್ಲಿದ್ದ ಕೆಲಸ ಬದಿಗಿಟ್ಟ. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ. ತಾನೇ ಬರೆದ ಸಾಲುಗಳನ್ನು ತಾನೇ ಅಳಿಸಿದ. ನಕಲುಗಳೆಲ್ಲ ಹೋಗಿ ಒಂದೇ ಕೋಡು ಉಳಿಯಿತು. ಚೀಟಿ ಕೇಳುವ ಜಾಗವೂ ಒಂದೇ. ಗುರುತು ಸಿಗದಿದ್ದರೆ ಲೈನ್ ಬಂದ್, ಕಾರಣ ತೆರೆಯ ಮೇಲೆ. ಸೆಂಟರು ಸೆಂಟರಿಗೆ ಬಸ್ಸು ಹತ್ತಿ ಬ್ಯಾಟರಿಗಳನ್ನೂ ಬದಲಿಸಿ ಬಂದೆವು. ಗಂಗವ್ವನಿಗೆ ಸರಿಯಾದ ರಕ್ತ ಸಿಕ್ಕಿತ್ತು; ಉಗರಗೋಳಕ್ಕೆ ಮರಳಿದರೆಂದು ಸವದತ್ತಿಯಲ್ಲೇ ತಿಳಿಯಿತು.

ನಿನ್ನೆ ರಾಮದುರ್ಗದಿಂದ ಫೋನ್. "ಏನ್ರೀ, ಎಲ್ಲಾ ಕೆಡಿಸಿಟ್ಟೀರಿ! ರಿಪೋರ್ಟ್ ಬರವಲ್ದು!"

"ಕೆಟ್ಟಿಲ್ರಿ," ಎಂದ ಈರಣ್ಣ. "ಮೊದಲ ಕಂಪ್ಯೂಟರಿನ ತಾರೀಕು ನೋಡ್ರಿ." ಅಲ್ಲಿ ಯಾರೋ ಅವಧಿ ಮುಗಿದ ಕಂಪ್ಯೂಟರ್ ಗೇಮ್ ಆಡಲು ತಾರೀಕನ್ನು ಹಿಂದಕ್ಕೆ ತಳ್ಳಿದ್ದರು.

ಫೋನಿನ ಗದ್ದಲ ಲ್ಯಾಬಿನ ಸಾಹುಕಾರರ ಕಿವಿಗೂ ಬಿತ್ತು. ಸಂಜೆ ನನ್ನನ್ನು ಕರೆದು ಕೂಡಿಸಿ ಚಹಾ ಕೊಟ್ಟರು. "ತಮ್ಮಾ, ಎಲ್ಲಾ ಛಲೋ ಆತು. ಖರೆ ಅರ್ಜೆಂಟ್ ಇದ್ದಾಗ ಈ ಚೆಕಿಂಗ್ ಆಫ್ ಮಾಡಾಕ ಒಂದ್ ಸಣ್ಣ ಸ್ವಿಚ್ ಇಡಪಾ. ಒಮ್ಮೊಮ್ಮೆ ಅಷ್ಟ."

ಚಹಾದ ಕಪ್ಪು ಕೆಳಗಿಟ್ಟು ಕೇಳಿದೆ. "ಇಡತೇನ್ರಿ. ಯಾರ ರಕ್ತ ಬಂದಾಗ ಆಫ್ ಮಾಡೂದು, ಆ ಹೆಸರು ನೀವ ಹೇಳ್ರಿ?"