ರ‍್ಯಾಮಿಗೆ ಹಚ್ಚಿದ ಭಂಡಾರ

ಸಿಂದಗಿಯ ಬಜಾರದಲ್ಲಿ ಕನ್ನೊಳ್ಳಿ ಚಂದಪ್ಪನನ್ನು ಎಲ್ಲರೂ ಇಂಜಿನಿಯರ್ ಸಾಹೇಬರೇ ಎನ್ನುತ್ತಾರೆ. ಅದು ಚೇಷ್ಟೆ ಎಂಬುದು ಊರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಮಹಾಶಯ ಮುಟ್ಟಿದ ಮಿಕ್ಸರು ಮತ್ತೆ ತಿರುಗಿಲ್ಲ, ಇಳಿಸಿದ ಫ್ಯಾನು ಮತ್ತೆ ಮೇಲೇರಿಲ್ಲ. ಆದರೂ ಮಾತು ಕೇಳಬೇಕು! ರಿಪೇರಿ ಅಂಗಡಿಯ ಯಾಸೀನನಿಗೆ ಏನೂ ಬರುವುದಿಲ್ಲವಂತೆ, ಸಾಮಾನು ಮಾಡಿದ ಕಂಪನಿಗೂ ತಲೆಯಿಲ್ಲವಂತೆ. ಇಂಥವನನ್ನು ಹೆಂಡತಿ ಕಾವೇರಿ ಸಹಿಸಿಕೊಂಡು ಬಂದಿದ್ದಾಳೆ. ಸಹಿಸುವುದೇನು ಬಂತು, ಅವನ ಕೈಗೆ ಸಿಗದಂತೆ ಸಾಮಾನು ಮುಚ್ಚಿಟ್ಟುಕೊಂಡು ಬಂದಿದ್ದಾಳೆ ಅನ್ನಿ.

ಮುಚ್ಚಿಡಲಾಗದ್ದು ಅವಳ ಕಂಪ್ಯೂಟರ್ ಒಂದೇ. ಸೀರೆಗೆ ಫಾಲ್ ಹೊಲಿದು ಹೊಲಿದು ಬೇಸತ್ತು ಅವಳು ಕಸೂತಿ ಮಷಿನ್ನು ತಂದಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಮಷಿನ್ನು ಅದನ್ನೇ ಜಂಪರಿನ ಮೇಲೆ ಹೊಲಿಯುತ್ತದೆ. ಯಂಕಂಚಿಯ ದೊಡ್ಡ ಮನೆತನದ ರುಕ್ಮವ್ವ ಮಗಳು ಭಾಗ್ಯಜ್ಯೋತಿಯ ಮದುವೆ ಜಂಪರು ಕೊಟ್ಟಿದ್ದಳು, ಅದೂ ಮೂಗು ಮುರಿಯುತ್ತ. ನಾಳೆ ಮುಂಜಾನೆ ಬರುತ್ತೇನೆ, ಆಗಿರದಿದ್ದರೆ ವಿಜಯಪುರಕ್ಕೆ ಒಯ್ಯುತ್ತೇನೆ ಎಂದು ಹೇಳಿಯೂ ಹೋಗಿದ್ದಳು. ಇದೊಂದು ಮೆಚ್ಚಿಗೆಯಾದರೆ ಅಂಥ ಮನೆಗಳೆಲ್ಲ ಕಾವೇರಿಯನ್ನು ಹುಡುಕಿಕೊಂಡು ಬರುತ್ತವೆ, ತಪ್ಪಿದರೆ ಮತ್ತೆ ಫಾಲೇ ಗತಿ. ತೋಳಿಗೆ ಜೋಳದ ತೆನೆ ಬರೆದು ಮುಗಿಸಿದ್ದಳು. ಹೊಲಿಗೆಗೆ ಹಾಕುವುದಷ್ಟೇ ಬಾಕಿ ಇತ್ತು.

ದಾರ ತರಲು ಬಜಾರಕ್ಕೆ ಹೋದದ್ದೇ ತಪ್ಪಾಯಿತು. ಕಂಪ್ಯೂಟರು ನಿಧಾನವೆಂದು ಅವಳು ಎಂದೋ ಗೊಣಗಿದ್ದು ಸಾಹೇಬರ ಕಿವಿಯಲ್ಲಿತ್ತು. ಕೆಲಸ ಮಾಡುವಾಗ ಕಂಪ್ಯೂಟರಿಗೆ ನೆನಪು ಕೊಡುವ ಪಟ್ಟಿಗೆ ರ‍್ಯಾಮ್ ಅನ್ನುತ್ತಾರೆ. ಅಂಥದೊಂದು ಹೊಸದನ್ನು ಗುಟ್ಟಾಗಿ ತಂದಿಟ್ಟುಕೊಂಡಿದ್ದ. ಹಳೆಯದನ್ನು ಕೀಳುವ ಭರಕ್ಕೆ ಎರಡು ತುಂಡು ಮಾಡಿದ. ಹೊಸದನ್ನು ತುರುಕಿದ. ಕಾವೇರಿ ಬಂದು ನೋಡಿದರೆ ಪರದೆ ಕಪ್ಪಗಿದೆ, ಡಬ್ಬಿ ಬೀಪ್ ಬೀಪ್ ಎಂದು ಬಾಯಿ ಬಡಿದುಕೊಳ್ಳುತ್ತಿದೆ.

ಚಂದಪ್ಪ ಮೊದಲು ಕರೆಂಟಿಗೆ ಬೈದ, ಆಮೇಲೆ ಅಂಗಡಿಯವನಿಗೆ, ಕೊನೆಗೆ ಅಮಾವಾಸ್ಯೆಗೆ. ಯಾಸೀನನನ್ನು ಕರೆತರಲು ಹೇಳಿದರೆ, ಅವನ ಅಂಗಡಿಯ ಮೆಟ್ಟಿಲು ಹತ್ತಿದರೆ ತನ್ನ ಮರ್ಯಾದೆ ಏನಾದೀತು ಎಂದ. ಇವನಿಗೊಂದು ಮರ್ಯಾದೆ ಬೇರೆ ಕೇಡು! ಅಷ್ಟರಲ್ಲಿ ಗಂಡನ ಬೆರಳುಗಳು ಹಳದಿಯಾಗಿದ್ದುದು ಕಾವೇರಿಯ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದಳು.

"ಹೊಸಾ ಸಾಮಾನು, ಭಂಡಾರ ಹಚ್ಚದ ಹೆಂಗ ಹಾಕೂದು?" ಎಂದ ಚಂದಪ್ಪ ಎದೆಯುಬ್ಬಿಸಿ. "ಪಟ್ಟಿ ಅಂಚಿಗೆ ಬಂಗಾರದ ಹಲ್ಲು ಅದಾವಲ್ಲ, ಅಲ್ಲೇ ದಟ್ಟಗ ತಿಕ್ಕೇನಿ."

ಬೀರಪ್ಪನ ಗುಡಿಯ ಆ ಅರಿಶಿನಪುಡಿ ಅವರ ಮನೆಯಲ್ಲಿ ಎಮ್ಮೆಗೂ ಆಗಬೇಕು, ಗಾಡಿಗೂ ಆಗಬೇಕು. ಕಸೂತಿ ಮಷಿನ್ನಿಗೆ ಕಾವೇರಿಯೂ ಹಚ್ಚಿದ್ದಳು. ಆದರೆ ಮೇಲೊಂದು ಬೊಟ್ಟು ಇಟ್ಟಿದ್ದಳೇ ಹೊರತು ಸೂಜಿಯ ಕಣ್ಣಿಗೆ ತುಂಬಿರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವನು ಆ ಹಲ್ಲಿಗೆ ಬೆರಳನ್ನೂ ತಾಗಿಸಬೇಡಿ, ಕೊಳೆಯಾದರೆ ರಬ್ಬರಿನಿಂದ ತಿಕ್ಕಿ ಎಂದು ಇಬ್ಬರ ಎದುರಿಗೇ ಹೇಳಿದ್ದ. ಇವನು ಕೇಳಿಸಿಕೊಂಡಿದ್ದರೆ ತಾನೇ!

ಕಾವೇರಿ ವಾಯರು ಕಿತ್ತು, ಪಟ್ಟಿ ಹೊರತೆಗೆದು, ಪೆನ್ಸಿಲ್ ರಬ್ಬರಿನಿಂದ ಒಂದೊಂದೇ ಹಲ್ಲು ತಿಕ್ಕಿದಳು. ಪಟ್ಟಿ ಕೂರುವ ಸಂದಿಯಲ್ಲಿ ಸಿಕ್ಕಿದ್ದ ಪುಡಿಯನ್ನು ಒಣ ಕುಂಚದಿಂದ ಗುಡಿಸಿ ತೆಗೆದಳು. ಪಕ್ಕದಲ್ಲಿ ಕೂತ ಗಂಡ, ದೇವರದನ್ನು ಒರೆಸಿದರೆ ಒಳ್ಳೆಯದಾಗುವುದಿಲ್ಲ ಎನ್ನುತ್ತಲೇ ಇದ್ದ. ಪಟ್ಟಿ ಕಟ್ ಎಂದು ಕೂತಿತು. ಗುಂಡಿ ಒತ್ತಿದಳು. ಪರದೆ ಬೆಳಗಿ, ಜೋಳದ ತೆನೆಗಳು ಒಂದೂ ಕೆಡದೆ ಕಂಡಾಗ ಅವಳಿಗೆ ಅಳುವೇ ಬಂತು.

ಮುಂಜಾನೆ ರುಕ್ಮವ್ವ ಬಂದು ಜಂಪರಿನ ತೋಳಿಗೆ ಹೊಲಿದಿದ್ದ ತೆನೆಗಳ ಮೇಲೆ ಬೆರಳಾಡಿಸಿದಳು, ಮುರಿದ ಮೂಗು ನೆಟ್ಟಗಾಯಿತು. ಬೀಗರ ಮನೆಯ ಹೆಣ್ಣುಮಕ್ಕಳ ಜಂಪರನ್ನೂ ಇಲ್ಲಿಗೇ ಕಳಿಸುತ್ತೇನೆ ಎಂದಳು. ಕಾವೇರಿ ಬಾಯಿ ತೆರೆಯುವ ಮೊದಲೇ ಚಂದಪ್ಪ ನಡುವೆ ಬಂದ. ನಿನ್ನೆ ಕಂಪ್ಯೂಟರ್ ಸತ್ತೇ ಹೋಗಿತ್ತು, ತಾನು ಭಂಡಾರ ಹಚ್ಚಿದ್ದಕ್ಕೆ ಎದ್ದು ಕೂತಿತು ಎಂದು ಕೈ ತಿರುಗಿಸಿ ತಿರುಗಿಸಿ ಹೇಳಿದ.

ಕಾವೇರಿ ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಹಿಡಿ ಭಂಡಾರ ತಂದಳು. ಗಂಡನ ಹಣೆಗೆ ಕಿವಿಯಿಂದ ಕಿವಿಯವರೆಗೆ ಬಳಿದಳು. ಅವನೂ ಕಣ್ಣು ಮುಚ್ಚಿ ಭಕ್ತಿಯಿಂದ ಹಣೆಯೊಡ್ಡಿದ. ಇದೇನು ಎಂದು ರುಕ್ಮವ್ವ ಕೇಳಿದಳು.

"ಇವ್ರು ಹುಟ್ಟಿದಾಗಿಂದ ಚಾಲೂನ ಆಗಿಲ್ರಿ ಯವ್ವಾ. ಇದರಿಂದಾದ್ರೂ ಆಗ್ತಾರೇನು, ನೋಡೂಣು."