ಇಬ್ಬರು ಉಟ್ಟ ಮಡಿಸೀರೆ

ಅಪ್ಪನ ದಿನಚರಿ ಈ ಸಂಗತಿಯನ್ನು ಶ್ರಾವಣದಲ್ಲಿ ನಮೂದಿಸಿದೆ. ಅಕ್ಕ ಕೊನೆಯವರೆಗೂ ಕಾರ್ತಿಕವೆಂದೇ ಹೇಳುತ್ತಿದ್ದಳು. ಮಳೆಗೆ ಮಡಿಸೀರೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲವೆಂದು ಅವಳೇ ನೆನೆಯುತ್ತಿದ್ದುದರಿಂದ ನಾನು ದಿನಚರಿಯನ್ನು ನಂಬಿದ್ದೇನೆ. ವರ್ಷ, ಎರಡನೆಯ ಮಹಾಯುದ್ಧಕ್ಕೆ ಹಿಂದಿನದು.

ಕಂಪ್ಲಿಗೆ ಕೊಟ್ಟಿದ್ದ ಅಕ್ಕನನ್ನು ಆಕೆಯ ಅತ್ತೆ ಅಂದು ಬೆಳಿಗ್ಗೆ ಹೊಸಪೇಟೆಯ ನಮ್ಮ ಮನೆಗೆ ಕರೆತಂದರು. ಕೂರದೆ, ನಿಂತೇ ಹೇಳಿದರು:

“ನಡದ ಸುತ್ತ ಮಚ್ಚಿ ಎದ್ದಾವ. ದೊಡ್ಡರೋಗ ಅಂತ ಡಾಕ್ಟರು ಅಂದ್ರ ಇಲ್ಲೇ ಇಟ್ಕೊಳ್ರಿ. ನನ್ನ ಮಗಗ ಬ್ಯಾರೆ ಹೆಣ್ಣು ನೋಡ್ತೀವಿ.”

ಕುಷ್ಠವೆಂಬ ಶಬ್ದವನ್ನು ಆಗ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವ್ವ ಮಗಳಿಗೆ ನೀರು ಕೊಡಲು ಹಿತ್ತಾಳೆಯ ಲೋಟ ಎತ್ತಿಕೊಂಡವಳು, ಅರೆಗಳಿಗೆ ತಡೆದು, ಮಣ್ಣಿನ ಕುಡಿಕೆ ತಂದಳು. ಅಕ್ಕ ಅದನ್ನು ನೋಡಿದಳು.

ಆಸ್ಪತ್ರೆಗೆ ಅತ್ತೆಯೂ ಬಂದರು; ತಂಗಿಯಾದ ನಾನು ಅಕ್ಕನ ಕೈ ಹಿಡಿದು ನಿಂತಿದ್ದೆ. ಮಚ್ಚೆಗಳು ಉಂಗುರದಂತಿದ್ದವು: ಅಂಚು ಕೆಂಪಗೆ ಉಬ್ಬಿ ಹೊಟ್ಟೆದ್ದಿತ್ತು, ನಡುಭಾಗ ತಿಳಿಯಾಗುತ್ತಿತ್ತು.

“ಬೆವತಾಗ ಕಡಿತೈತೇನು?” ಎಂದರು ಲೇಡಿ ಡಾಕ್ಟರು.

“ಭಾಳ ಕಡಿತೈತ್ರಿ.”

ಅಕ್ಕನ ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಕಿಸಿದರು. ತಾಕಿದಾಗಲೆಲ್ಲ ಅಕ್ಕ “ಹ್ಞೂಂ” ಎಂದಳು.

“ಹುಳುಕಡ್ಡಿ. ದೊಡ್ಡರೋಗದ ಮಚ್ಚಿಗೆ ಮುಟ್ಟಿದ್ದು ತಿಳಿಯಂಗಿಲ್ಲ. ಮುಲಾಮು ಅಂಚು ದಾಟಿಸಿ ಹಚ್ಚು. ಮಾಯವಾದ ಮ್ಯಾಲೂ ಎರಡು ವಾರ ಬಿಡಬ್ಯಾಡ. ಸೀರಿ ಕುದಿಸಿ ಬಿಸಿಲಿಗೆ ಹಾಕು.”

“ಹೊರಗ ಹಾಕಿದ್ರ ಯಾರರೆ ಮುಟ್ಟಿ ಮೈಲಿಗಿ ಮಾಡ್ತಾರ್ರಿ,” ಎಂದರು ಅತ್ತೆ.

ಅವರ ಮನೆಯಲ್ಲಿ ಅಡುಗೆಗೆ ಉಡುವ ಮಡಿಸೀರೆ ಒಂದೇ. ಕತ್ತಲೆಕೋಣೆಯ ಗಳುವಿನ ಮೇಲೆ ಹಸಿಯಾಗಿಯೇ ತೂಗುತ್ತಿದ್ದ ಅದನ್ನು ಒಂದು ದಿನ ಅತ್ತೆ, ಒಂದು ದಿನ ಸೊಸೆ ಉಡುತ್ತಿದ್ದರು. ಅದನ್ನು ಕೇಳಿದ ಡಾಕ್ಟರು ಅತ್ತೆಯತ್ತ ತಿರುಗಿದರು.

“ಹಂಗಾರ ನಿಮ್ಮ ಮೈನೂ ತೋರಿಸ್ರಿ.”

“ನನಗೇನಾಗೇತ್ರಿ? ಕಡಿಯಂಗೇ ಇಲ್ಲ.”

ಸೊಂಟದಲ್ಲಿ ಏನೂ ಇರಲಿಲ್ಲ. ಮೊಣಕೈಯ ಮೇಲೆ ಒಂದು ಮಚ್ಚೆ ಇತ್ತು. ಉಂಗುರವಲ್ಲ, ಹೊಟ್ಟಿಲ್ಲ, ಬರೀ ಬಿಳಿಚಿದ ಚರ್ಮ. ಕಣ್ಣು ಮುಚ್ಚಲು ಹೇಳಿ ಡಾಕ್ಟರು ಅದರ ಮೇಲೆ ಹತ್ತಿಯ ಎಳೆಯನ್ನು ಮೂರು ಬಾರಿ ಆಡಿಸಿದರು. ಆಮೇಲೆ ಸೂಜಿಯ ಮೊನೆ ಊರಿದರು.

“ಮುಟ್ಟೂದಿದ್ರ ಜಲ್ದಿ ಮುಟ್ರಿ,” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಅಕ್ಕನ ಉಗುರು ನನ್ನ ಅಂಗೈಗೆ ನಾಟಿತು.

ಡಾಕ್ಟರು ಹೇಳಬೇಕಾದುದನ್ನು ಹೇಳಿಯಾದ ಮೇಲೆ, ಹೊರಗೆ ಬಂಡಿಯ ಬಳಿ ಅತ್ತೆ ಅಕ್ಕನ ಸೆರಗು ಹಿಡಿಯಹೋಗಿ ಕೈ ಹಿಂದೆಗೆದರು. “ನನ್ನ ಮಗಗ ಹೇಳಬ್ಯಾಡವಾ.”

ಅಕ್ಕ ಬಂಡಿ ಹತ್ತಿ ಕುಳಿತಳು. ಅವಳು ಕರೆಯುವವರೆಗೂ ಅತ್ತೆ ಕೆಳಗೇ ನಿಂತಿದ್ದರು.