ಏಳನೇ ನಂಬರಿನ ಕಲ್ಲು

ಬಳ್ಳಾರಿಯವರಿಗೆ ಕಪ್ಪಗೆ, ಭಾರವಾಗಿ ಏನು ಸಿಕ್ಕರೂ ಅದು ಕಬ್ಬಿಣದ ಅದಿರೇ. ಈ ಚಾಳಿ ಇಲ್ಲದವನು ಕಂಟೋನ್ಮೆಂಟಿನ ಕಾಲೇಜಿನಲ್ಲಿ ಒಬ್ಬನೇ, ಭೂವಿಜ್ಞಾನ ವಿಭಾಗದ ಅಟೆಂಡರ್ ಕಾಡಸಿದ್ದಪ್ಪ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಈತ ಓದಿದ್ದು ಏಳನೇ ಕ್ಲಾಸು, ಇಪ್ಪತ್ತೆರಡು ವರ್ಷದಿಂದ ಟೆಂಪರರಿ.

ಪ್ರತಿ ಆಯುಧ ಪೂಜೆಗೆ ಆತ ವಿಭಾಗದ ಕಲ್ಲುಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ ಇಡುತ್ತಿದ್ದ. ನೀರಿಗೆ ನಂಬರಿನ ಚೀಟಿಗಳು ಬಿಚ್ಚಿಕೊಂಡರೂ ಚಿಂತೆಯಿಲ್ಲ. ಒಂದೊಂದನ್ನೇ ಪಿಂಗಾಣಿ ಬಿಲ್ಲೆಗೆ ಒರೆ ಹಚ್ಚಿ, ಗೆರೆಯ ಬಣ್ಣ ನೋಡಿ ಮತ್ತೆ ಅಂಟಿಸುವನು. ಕೆಂಪಗೆ ಬಿದ್ದರೆ ಹೆಮಟೈಟ್, ಕಬ್ಬಿಣ. ಬೆಲ್ಲದ ನೀರಿನಂತೆ ತೆಳ್ಳಗೆ ಬಿದ್ದು, ಆ್ಯಸಿಡ್ ಹನಿಗೆ ಕೊಳೆತ ಮೊಟ್ಟೆಯ ನಾತ ಹೊಡೆದರೆ ಸ್ಫ್ಯಾಲರೈಟ್. ಸತುವು, ಗಂಧಕ ಕೂಡಿದ್ದು, ಸಲ್ಫೈಡುಗಳ ಗುಂಪಿನದು. ಆರು ದಿಕ್ಕಿಗೆ ಸೀಳುತ್ತದೆ, ಹರಳು ಘನಾಕೃತಿಯದು. ಅದೇ ಸತುವು ಗಂಧಕ ಷಟ್ಕೋನವಾಗಿ ಕೂಡಿಕೊಂಡರೆ ಹೆಸರು ವುರ್ಟ್‌ಜೈಟ್. ಪಾಠ ಕೇಳಿ ಕೇಳಿ ಕಲಿತದ್ದನ್ನು, ಅಲ್ಲೇ ಬಿ.ಎಸ್ಸಿ. ಓದುತ್ತಿದ್ದ ಮಗಳು ನೀಲಾವತಿಗೂ ಹೇಳಿಕೊಟ್ಟಿದ್ದ.

ಪ್ರಾಕ್ಟಿಕಲ್ ಪರೀಕ್ಷೆಗೆ ಕಲ್ಲು ಆರಿಸಿದವರು ಮುಖ್ಯಸ್ಥ ಚನ್ನಬಸವರಾಜ ಸರ್. ಒರೆ ಹಚ್ಚುವ ಗೋಜಿಗೇ ಹೋಗದೆ, ಏಳನೇ ನಂಬರು ಹೆಮಟೈಟ್ ಎಂದು ಉತ್ತರಪಟ್ಟಿಯಲ್ಲಿ ಬರೆದರು. ಉಳಿದ ಮೂವತ್ತೊಂದು ಮಕ್ಕಳೂ ಹಾಗೇ ಬರೆದರು, ಬಳ್ಳಾರಿಯ ಮಕ್ಕಳಲ್ಲವೇ. ನೀಲಾವತಿ ಒಬ್ಬಳು ಸ್ಫ್ಯಾಲರೈಟ್ ಎಂದು ಬರೆದು ಸೊನ್ನೆ ಪಡೆದಳು.

ಕಾಡಸಿದ್ದಪ್ಪ ಬಿಲ್ಲೆ ಹಿಡಿದು ಸರ್ ಕೋಣೆಗೆ ಹೋಗಿ, ಅವರೆದುರೇ ಕಲ್ಲು ಉಜ್ಜಿ ತೋರಿಸಿದ. ಕೆಂಪು ಬೀಳಲಿಲ್ಲ, ಬೆಲ್ಲದ ನೀರಿನಂಥ ಗೆರೆ ಬಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಪಕ್ಕದ ಕೋಣೆಯಲ್ಲೇ ಚಹಾ ಕುಡಿಯುತ್ತಿದ್ದರು. ಸರ್ ಎದ್ದು ಬಾಗಿಲು ಮುಂದೆ ಮಾಡಿದರು. ಪೂಜೆಗೆ ತೊಳೆಯುವಾಗ ತಾನೇ ಕಲ್ಲು ಅದಲುಬದಲು ಮಾಡಿದೆನೆಂದು ಕಾಡಸಿದ್ದಪ್ಪ ಬರೆದುಕೊಟ್ಟರೆ ಆ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ, ಮಗಳಿಗೂ ಎಂದರು.

"ನಿನ್ನ ಕಾಯಂ ಫೈಲು ನನ್ನ ಟೇಬಲ್ ಮ್ಯಾಲ ಐತಿ, ಸಿದ್ದಪ್ಪ. ಬ್ಯಾರೆ ಹೇಳಬೇಕಾ?"

ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸುವುದೆಂದರೆ ಇದೇ. ಇಲ್ಲಿ ಮೇಕೆಯೇ ಬಾಯಿ ಒಡ್ಡಿತು. ನನಗೆ ಕಲ್ಲುಗಳ ಗುರುತು ತಿಳಿಯುವುದಿಲ್ಲ, ತೊಳೆಯುವಾಗ ಅದಲುಬದಲು ಮಾಡಿದೆ ಎಂದು, ಸರ್ ಹೇಳಿದಂತೆ ಬರೆದು ಸಹಿ ಹಾಕಿದ.

ಮಗಳಿಗೆ ಅಂಕ ಬಂತು, ತಪ್ಪು ಬರೆದವರಿಗೆ ಬಂದಷ್ಟೇ. ಸಂಜೆ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ನನಗ ಕಲಿಸಿದಾಂವ ನೀನ, ಅಪ್ಪ. ಗೊತ್ತಿಲ್ಲ ಅಂತ ಹೆಂಗ ಬರದಿ?"



ಎರಡು ತಿಂಗಳಿಗೆ ಕಾಯಂ ಫೈಲು ವಾಪಸ್ಸು ಬಂತು. ಕಲ್ಲಿನ ಗುರುತೇ ತಿಳಿಯದವನನ್ನು ಕಲ್ಲು ನೋಡಿಕೊಳ್ಳುವ ಕೆಲಸಕ್ಕೆ ಕಾಯಂ ಮಾಡಲಾಗದೆಂದು ಆಡಳಿತ ಮಂಡಳಿ ಬರೆದಿತ್ತು. ಜೊತೆಗೆ ಅವನದೇ ಸಹಿಯ ಕಾಗದ.

ಈ ಸಲದ ಆಯುಧ ಪೂಜೆಗೆ ಕಲ್ಲು ತೊಳೆದವರು ಬೇರೆಯವರು. ಚೀಟಿಗಳು ಎಂದಿನಂತೆ ಬಿಚ್ಚಿಕೊಂಡವು. ಸರ್, ಇನ್ನೂ ಟೆಂಪರರಿಯಾಗೇ ಇದ್ದ ಕಾಡಸಿದ್ದಪ್ಪನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಯಾವುದು ಯಾವುದೆಂದು ನೋಡಿ ಅಂಟಿಸಿಕೊಡು ಎಂದರು.

ಅವನು ಕಲ್ಲುಗಳ ರಾಶಿಯನ್ನು ನೋಡಿದ. ಏಳನೆಯದು ಮೇಲೇ ಇತ್ತು.

"ನನಗ ಗುರುತು ತಿಳಿಯಂಗಿಲ್ರಿ, ಸರ. ಬರಕೊಟ್ಟೀನಲ್ರಿ."